ರಾಜಕೀಯ ಟಾಕ್ ರೇಡಿಯೊ ಮತ್ತು ಸ್ಥಳೀಯ ಜಾಹೀರಾತು ಮಾರಾಟ

ರಾಜಕೀಯ ಟಾಕ್ ರೇಡಿಯೊ ಎಂಬುದು ಸಂಗೀತದ ಬದಲು ರಾಜಕೀಯ ವಿದ್ಯಮಾನಗಳ ಕುರಿತ ಮಾತು, ವಾದ, ಸಂದರ್ಶನ ಮತ್ತು ಕೇಳುಗರ ದೂರವಾಣಿ ಕರೆಗಳನ್ನೇ ಮುಖ್ಯ ಸಾಮಗ್ರಿಯಾಗಿ ಉಳ್ಳ ಬಾನುಲಿ ಪ್ರಸಾರದ ಒಂದು ಪ್ರಕಾರ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1980ರ ದಶಕದ ಕೊನೆಯಿಂದ ಇದು ವ್ಯಾಪಕವಾಗಿ ಬೆಳೆಯಿತು. ಅಲ್ಲಿನ ಬಹುಪಾಲು ವಾಣಿಜ್ಯ ಬಾನುಲಿ ಕೇಂದ್ರಗಳು ಕೇಳುಗರಿಂದ ಯಾವುದೇ ಶುಲ್ಕ ಪಡೆಯದೆ ಜಾಹೀರಾತಿನ ಆದಾಯದಿಂದಲೇ ನಡೆಯುವುದರಿಂದ, ಈ ಪ್ರಕಾರದ ಏಳುಬೀಳುಗಳು ಆಯಾ ಊರಿನ ಜಾಹೀರಾತು ಮಾರುಕಟ್ಟೆಯೊಂದಿಗೆ ನೇರವಾಗಿ ಹೆಣೆದುಕೊಂಡಿವೆ.

ರಾಜಕೀಯ ಮಾತಿನ ಕಾರ್ಯಕ್ರಮಗಳು ಜಾಹೀರಾತು ಮಾರಾಟದ ಮೇಲೆ ಎರಡು ವಿರುದ್ಧ ದಿಕ್ಕಿನ ಪ್ರಭಾವ ಬೀರುತ್ತವೆ. ಒಂದೆಡೆ, ಅವು ಗಮನವಿಟ್ಟು ಕೇಳುವ, ನಿರೂಪಕನನ್ನು ನಂಬುವ ನಿಷ್ಠಾವಂತ ಕೇಳುಗವರ್ಗವನ್ನು ಒದಗಿಸುತ್ತವೆ. ಇದು ಸಣ್ಣ ಸ್ಥಳೀಯ ವ್ಯಾಪಾರಿಗೆ ಅನುಕೂಲಕರ. ಇನ್ನೊಂದೆಡೆ, ವಿವಾದದ ಭಯದಿಂದ ದೊಡ್ಡ ಜಾಹೀರಾತುದಾರರು ಅವುಗಳಿಂದ ದೂರ ಸರಿಯುತ್ತಾರೆ. ಹೀಗಾಗಿ ಕೇಳುಗರ ಸಂಖ್ಯೆಗೂ ಆದಾಯಕ್ಕೂ ಇರುವ ಸಾಮಾನ್ಯ ಸಂಬಂಧ ಈ ಪ್ರಕಾರದಲ್ಲಿ ಸಡಿಲಗೊಳ್ಳುತ್ತದೆ. ದೂರದ ನಗರದಲ್ಲಿ ಕುಳಿತ ನಿರೂಪಕನೊಬ್ಬನ ಮಾತಿನ ಬೆಲೆಯನ್ನು ಆ ಮಾತಿನ ಮೇಲೆ ಯಾವ ಹಿಡಿತವೂ ಇಲ್ಲದ ಸ್ಥಳೀಯ ಕೇಂದ್ರ ತೆರಬೇಕಾಗುವುದು ಈ ವ್ಯವಸ್ಥೆಯ ಮುಖ್ಯ ಲಕ್ಷಣಗಳಲ್ಲಿ ಒಂದು.

ಇತಿಹಾಸ

ಆರಂಭಿಕ ವರ್ಷಗಳು

ಅಮೆರಿಕದ ಬಾನುಲಿಯಲ್ಲಿ ಹಣ ಪಡೆದು ಪ್ರಸಾರವಾದ ಮೊದಲ ಜಾಹೀರಾತುಗಳಲ್ಲಿ ಒಂದೆಂದು ಸಾಮಾನ್ಯವಾಗಿ ಗುರುತಿಸಲಾಗುವುದು 1922ರ ಆಗಸ್ಟ್ 28ರಂದು ನ್ಯೂಯಾರ್ಕಿನ ಡಬ್ಲ್ಯುಇಎಎಫ್ ಕೇಂದ್ರದಿಂದ ಕೇಳಿಬಂದ ಪ್ರಕಟಣೆ. ಅದು ಅದೇ ನಗರದ ಜಾಕ್ಸನ್ ಹೈಟ್ಸ್ ಬಡಾವಣೆಯ ವಸತಿ ಸಮುಚ್ಚಯಗಳ ಕುರಿತಾಗಿತ್ತು. ಹೀಗೆ ಬಾನುಲಿ ಜಾಹೀರಾತು ಹುಟ್ಟಿದ್ದೇ ಸ್ಥಳೀಯ ಜಾಹೀರಾತಾಗಿ ಎನ್ನಬಹುದು.

ರಾಜಕೀಯ ಮಾತು ಮತ್ತು ಪ್ರಸಾರ ಸಮಯದ ಮಾರಾಟದ ನಡುವಿನ ತಿಕ್ಕಾಟವೂ ಹೊಸತಲ್ಲ. 1930ರ ದಶಕದಲ್ಲಿ ಡೆಟ್ರಾಯಿಟ್ ಬಳಿಯ ಕ್ಯಾಥೊಲಿಕ್ ಪಾದ್ರಿ ಚಾರ್ಲ್ಸ್ ಕಾಫ್ಲಿನ್ ತಮ್ಮ ಭಾಷಣಗಳಿಂದ ಲಕ್ಷಾಂತರ ಕೇಳುಗರನ್ನು ಗಳಿಸಿದ್ದರು. 1931ರಲ್ಲಿ ಸಿಬಿಎಸ್ ಜಾಲ ಅವರ ಪ್ರಸಾರವನ್ನು ನಿಲ್ಲಿಸಿದಾಗ, ಕೇಳುಗರ ದೇಣಿಗೆಯಿಂದ ಒಂದೊಂದೇ ಕೇಂದ್ರದ ಸಮಯವನ್ನು ಕೊಂಡು ತಮ್ಮದೇ ಜಾಲವನ್ನು ಕಟ್ಟಿಕೊಂಡರು. ಪ್ರಸಾರಕರ ರಾಷ್ಟ್ರೀಯ ಸಂಘವು 1939ರಲ್ಲಿ ಅಂಗೀಕರಿಸಿದ ಸಂಹಿತೆಯು ವಿವಾದಾತ್ಮಕ ಸಾರ್ವಜನಿಕ ವಿಷಯಗಳ ಚರ್ಚೆಗಾಗಿ ಸಮಯವನ್ನು ಮಾರಬಾರದೆಂದು ಸೂಚಿಸಿತು. ಇದರ ಬಳಿಕ ಕಾಫ್ಲಿನ್ ಅವರ ಪ್ರಸಾರ ಕ್ಷೀಣಿಸಿ 1940ರಲ್ಲಿ ನಿಂತುಹೋಯಿತು.

ಫೇರ್‌ನೆಸ್ ಡಾಕ್ಟ್ರಿನ್

ಅಮೆರಿಕದ ಪ್ರಸಾರ ನಿಯಂತ್ರಣ ಸಂಸ್ಥೆಯಾದ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್, ಸಂಕ್ಷಿಪ್ತವಾಗಿ ಎಫ್‌ಸಿಸಿ, 1949ರಲ್ಲಿ ಫೇರ್‌ನೆಸ್ ಡಾಕ್ಟ್ರಿನ್ ಎಂಬ ನೀತಿಯನ್ನು ರೂಪಿಸಿತು. ಪರವಾನಗಿ ಪಡೆದ ಪ್ರತಿ ಕೇಂದ್ರವೂ ಸಾರ್ವಜನಿಕ ಮಹತ್ವದ ವಿವಾದಿತ ವಿಷಯಗಳಿಗೆ ಸಮಯ ನೀಡಬೇಕು ಮತ್ತು ಅವುಗಳ ಬಗ್ಗೆ ಭಿನ್ನ ಅಭಿಪ್ರಾಯಗಳಿಗೂ ಅವಕಾಶ ಕಲ್ಪಿಸಬೇಕು ಎಂಬುದು ಇದರ ಸಾರ. 1969ರ ರೆಡ್ ಲಯನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ನೀತಿಯನ್ನು ಎತ್ತಿಹಿಡಿಯಿತು.

ಈ ನೀತಿಗೆ ನೇರವಾದ ಆರ್ಥಿಕ ಮುಖವೊಂದಿತ್ತು. ಪ್ರಾಯೋಜಿತ ಕಾರ್ಯಕ್ರಮವೊಂದು ಒಂದು ಪಕ್ಷದ ವಾದವನ್ನು ಮಾತ್ರ ಮಂಡಿಸಿ, ಎದುರು ಪಕ್ಷಕ್ಕೆ ಹಣ ಕೊಡುವವರು ಸಿಗದಿದ್ದರೆ, ಕೇಂದ್ರವು ಎದುರು ವಾದಕ್ಕೆ ಉಚಿತವಾಗಿ ಸಮಯ ಕೊಡಬೇಕೆಂದು 1963ರಲ್ಲಿ ಎಫ್‌ಸಿಸಿ ತೀರ್ಮಾನಿಸಿತು. ಉಚಿತವಾಗಿ ಕೊಟ್ಟ ಪ್ರತಿ ನಿಮಿಷವೂ ಮಾರಲಾಗದೆ ಹೋದ ನಿಮಿಷವೇ. ಆದ್ದರಿಂದ ಅನೇಕ ಕೇಂದ್ರಗಳಿಗೆ ತೀಕ್ಷ್ಣ ರಾಜಕೀಯ ಚರ್ಚೆಯನ್ನು ದೂರವಿಡುವುದೇ ಲಾಭದಾಯಕವಾಗಿತ್ತು.

ಎಎಂ ಬಾನುಲಿಯ ಬಿಕ್ಕಟ್ಟು

1970ರ ದಶಕದ ಕೊನೆಯ ಹೊತ್ತಿಗೆ ಧ್ವನಿಯ ಗುಣಮಟ್ಟದಲ್ಲಿ ಮೇಲಾದ ಎಫ್ಎಂ ತರಂಗಗಳತ್ತ ಸಂಗೀತದ ಕೇಳುಗರು ವಲಸೆ ಹೋದರು. ಎಎಂ ಕೇಂದ್ರಗಳಿಗೆ ಹೊಸ ಸಾಮಗ್ರಿ ಬೇಕಾಯಿತು. ಮಾತಿಗೆ ಸಂಗೀತದಷ್ಟು ಧ್ವನಿಶುದ್ಧಿ ಬೇಕಿಲ್ಲ; ಜೊತೆಗೆ ಎಎಂ ತರಂಗಗಳು ಬಹುದೂರ ಸಾಗುತ್ತವೆ. ನ್ಯೂಯಾರ್ಕಿನ ಪ್ರಸಿದ್ಧ ಸಂಗೀತ ಕೇಂದ್ರ ಡಬ್ಲ್ಯುಎಬಿಸಿ 1982ರ ಮೇ 10ರಂದು ಮಾತಿನ ಕೇಂದ್ರವಾಗಿ ಬದಲಾದದ್ದು ಈ ಪಲ್ಲಟದ ಹೆಗ್ಗುರುತು.

1987ರ ಆಗಸ್ಟ್‌ನಲ್ಲಿ ಎಫ್‌ಸಿಸಿ ಫೇರ್‌ನೆಸ್ ಡಾಕ್ಟ್ರಿನ್ ಅನ್ನು ಕೈಬಿಟ್ಟಿತು. ಮರುವರ್ಷ, 1988ರ ಆಗಸ್ಟ್ 1ರಂದು, ಕ್ಯಾಲಿಫೋರ್ನಿಯದ ಸ್ಯಾಕ್ರಮೆಂಟೊ ನಗರದ ಕೆಎಫ್‌ಬಿಕೆ ಕೇಂದ್ರದಲ್ಲಿ ಹೆಸರು ಮಾಡಿದ್ದ ರಶ್ ಲಿಂಬಾ ಅವರ ಕಾರ್ಯಕ್ರಮ ರಾಷ್ಟ್ರಮಟ್ಟದಲ್ಲಿ ಆರಂಭವಾಯಿತು. ಸುಮಾರು 56 ಕೇಂದ್ರಗಳಿಂದ ಮೊದಲಾದ ಅದು ಉತ್ತುಂಗದಲ್ಲಿ 600ಕ್ಕೂ ಹೆಚ್ಚು ಕೇಂದ್ರಗಳಲ್ಲಿ ಕೇಳಿಬರುತ್ತಿತ್ತು. ಈ ಬೆಳವಣಿಗೆಗೆ ನೀತಿಯ ರದ್ದತಿಯೊಂದೇ ಕಾರಣವಲ್ಲ. ಎಎಂ ಕೇಂದ್ರಗಳ ಆರ್ಥಿಕ ಅಗತ್ಯ, ಉಪಗ್ರಹದ ಮೂಲಕ ಅಗ್ಗವಾದ ಕಾರ್ಯಕ್ರಮ ವಿತರಣೆ ಮತ್ತು ದೂರವಾಣಿ ಕರೆಯ ವೆಚ್ಚದ ಇಳಿಕೆಯೂ ಜೊತೆಗೂಡಿದವು.

ಮಾಲೀಕತ್ವದ ಕೇಂದ್ರೀಕರಣ

1996ರ ದೂರಸಂಪರ್ಕ ಕಾಯಿದೆಯು ಒಂದು ಕಂಪನಿ ದೇಶದಾದ್ಯಂತ ಹೊಂದಬಹುದಾದ ಬಾನುಲಿ ಕೇಂದ್ರಗಳ ಸಂಖ್ಯೆಯ ಮಿತಿಯನ್ನು ತೆಗೆದುಹಾಕಿತು. ದೊಡ್ಡ ನಗರಗಳಲ್ಲಿ ಒಂದೇ ಕಂಪನಿಗೆ 8 ಕೇಂದ್ರಗಳವರೆಗೆ ಅವಕಾಶ ನೀಡಿತು. ಕ್ಲಿಯರ್ ಚಾನೆಲ್ ಕಂಪನಿಯ ಕೇಂದ್ರಗಳ ಸಂಖ್ಯೆ ಕೆಲವೇ ವರ್ಷಗಳಲ್ಲಿ 1,200ನ್ನು ಮೀರಿತು. ಲಿಂಬಾ ಅವರ ಕಾರ್ಯಕ್ರಮವನ್ನು ವಿತರಿಸುತ್ತಿದ್ದ ಪ್ರೀಮಿಯರ್ ಸಂಸ್ಥೆಯೂ ಇದೇ ಕಂಪನಿಯ ಅಂಗವಾಯಿತು. ಕಾರ್ಯಕ್ರಮ ತಯಾರಿಸುವವರು, ವಿತರಿಸುವವರು ಮತ್ತು ಪ್ರಸಾರ ಮಾಡುವವರು ಅನೇಕ ಊರುಗಳಲ್ಲಿ ಒಂದೇ ಮಾಲೀಕರ ಅಡಿಯಲ್ಲಿ ಬಂದರು.

ಆದಾಯದ ರಚನೆ

ಅಮೆರಿಕದ ವಾಣಿಜ್ಯ ಬಾನುಲಿ ಕೇಂದ್ರವೊಂದರ ಜಾಹೀರಾತು ಆದಾಯವನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಲಾಗುತ್ತದೆ.

ಸ್ಥಳೀಯ ನೇರ ಮಾರಾಟ: ಕೇಂದ್ರದ ಮಾರಾಟ ಪ್ರತಿನಿಧಿಯು ಊರಿನ ಅಂಗಡಿ, ಗ್ಯಾರೇಜು, ವಕೀಲರ ಕಚೇರಿ ಮುಂತಾದವುಗಳ ಮಾಲೀಕರನ್ನು ಖುದ್ದಾಗಿ ಕಂಡು ಮಾಡುವ ಒಪ್ಪಂದ.

ಏಜೆನ್ಸಿ ಮೂಲಕ ಸ್ಥಳೀಯ ಮಾರಾಟ: ವಾಹನ ಮಾರಾಟಗಾರರು, ಆಸ್ಪತ್ರೆಗಳು, ಬ್ಯಾಂಕುಗಳಂತಹ ದೊಡ್ಡ ಸ್ಥಳೀಯ ಗ್ರಾಹಕರ ಪರವಾಗಿ ಜಾಹೀರಾತು ಏಜೆನ್ಸಿಗಳು ಕೊಳ್ಳುವ ಸಮಯ.

ರಾಷ್ಟ್ರೀಯ ಬಿಡಿ ಜಾಹೀರಾತು: ದೇಶವ್ಯಾಪಿ ಕಂಪನಿಗಳು ಆಯ್ದ ನಗರಗಳ ಕೇಂದ್ರಗಳಲ್ಲಿ ಪ್ರತ್ಯೇಕವಾಗಿ ಕೊಳ್ಳುವ ಸಮಯ.

ಜಾಲ ಜಾಹೀರಾತು: ರಾಷ್ಟ್ರೀಯ ಕಾರ್ಯಕ್ರಮದ ಒಳಗೇ ಸೇರಿಬರುವ ಜಾಹೀರಾತು. ಇದರ ಹಣ ಕಾರ್ಯಕ್ರಮದ ವಿತರಕರಿಗೆ ಹೋಗುತ್ತದೆ.

ಕೊನೆಯ ಬಗೆಯ ಹಿಂದೆ ಇರುವುದು ವಿನಿಮಯ ಪದ್ಧತಿ. ವಿತರಕ ಸಂಸ್ಥೆಯು ಕಾರ್ಯಕ್ರಮವನ್ನು ಕೇಂದ್ರಕ್ಕೆ ಉಚಿತವಾಗಿ ಅಥವಾ ನಿಗದಿತ ಶುಲ್ಕಕ್ಕೆ ಕೊಡುತ್ತದೆ. ಅದಕ್ಕೆ ಬದಲಾಗಿ ಪ್ರತಿ ಗಂಟೆಯ ಕೆಲವು ಜಾಹೀರಾತು ನಿಮಿಷಗಳನ್ನು ತಾನೇ ಇಟ್ಟುಕೊಳ್ಳುತ್ತದೆ. ಉಳಿದ ನಿಮಿಷಗಳನ್ನು ಸ್ಥಳೀಯ ಕೇಂದ್ರ ಮಾರಿಕೊಳ್ಳಬಹುದು. ಸ್ವಂತ ನಿರೂಪಕ, ನಿರ್ಮಾಪಕ, ವರದಿಗಾರರನ್ನು ನೇಮಿಸುವ ವೆಚ್ಚವಿಲ್ಲದೆ ದಿನಕ್ಕೆ ಮೂರು ಗಂಟೆಗಳ ಜನಪ್ರಿಯ ಕಾರ್ಯಕ್ರಮ ದೊರೆಯುವುದು ಸಣ್ಣ ಊರಿನ ಕೇಂದ್ರಕ್ಕೆ ದೊಡ್ಡ ಆಕರ್ಷಣೆಯಾಗಿತ್ತು. ಆದರೆ ಈ ಉಳಿತಾಯದೊಂದಿಗೆ ಕಾರ್ಯಕ್ರಮದ ಒಳವಸ್ತುವಿನ ಮೇಲಿನ ಹಿಡಿತವೂ ಕೈತಪ್ಪುತ್ತದೆ.

ಸ್ಥಳೀಯ ಮಾರಾಟಕ್ಕೆ ಅನುಕೂಲಗಳು

ಗಮನವಿಟ್ಟು ಕೇಳುವಿಕೆ

ಸಂಗೀತ ಕೇಂದ್ರಗಳನ್ನು ಬಹಳಷ್ಟು ಜನ ಬೇರೆ ಕೆಲಸದ ಹಿನ್ನೆಲೆಯಾಗಿ ಕೇಳುತ್ತಾರೆ. ಜಾಹೀರಾತು ಬಂದೊಡನೆ ಕೇಂದ್ರ ಬದಲಿಸುವುದೂ ಸಾಮಾನ್ಯ. ಮಾತಿನ ಕಾರ್ಯಕ್ರಮದ ಕೇಳುಗ ವಾದದ ಎಳೆ ತಪ್ಪದಂತೆ ಕಿವಿಗೊಟ್ಟಿರುತ್ತಾನೆ. ಮಾತಿನಿಂದ ಮಾತಿಗೇ ಸಾಗುವ ಜಾಹೀರಾತು ಅವನಿಗೆ ಅಷ್ಟಾಗಿ ಅಡ್ಡಿಯೆನಿಸುವುದಿಲ್ಲ. ಟಾಕ್ ಕೇಂದ್ರಗಳ ಮಾರಾಟ ಪ್ರತಿನಿಧಿಗಳು ವ್ಯಾಪಾರಿಗಳ ಮುಂದೆ ಇಡುವ ಮುಖ್ಯ ವಾದ ಇದು.

ನಿರೂಪಕರ ಸ್ವಂತ ಶಿಫಾರಸು

ಈ ಪ್ರಕಾರದ ಅತ್ಯಂತ ಬೆಲೆಬಾಳುವ ಸರಕು ನಿರೂಪಕ ತನ್ನದೇ ಧ್ವನಿಯಲ್ಲಿ, ತನ್ನದೇ ಅನುಭವವೆಂಬಂತೆ ಹೇಳುವ ಜಾಹೀರಾತು. ದಿನವೂ ಕೇಳುವ ಪರಿಚಿತ ಧ್ವನಿಯೊಂದು ಊರಿನ ಛಾವಣಿ ದುರಸ್ತಿಗಾರನನ್ನೋ ಹಾಸಿಗೆ ಅಂಗಡಿಯನ್ನೋ ಹೆಸರಿಸಿ ಹೊಗಳಿದಾಗ ಅದು ನೆರೆಮನೆಯವರ ಮಾತಿನಂತೆ ಕೆಲಸ ಮಾಡುತ್ತದೆ. ಇಂತಹ ಜಾಹೀರಾತಿಗೆ ಸಾಮಾನ್ಯ ಧ್ವನಿಮುದ್ರಿತ ಜಾಹೀರಾತಿಗಿಂತ ಹೆಚ್ಚಿನ ದರವಿರುತ್ತದೆ. ನಿರೂಪಕನಿಗೆ ಪ್ರತ್ಯೇಕ ಸಂಭಾವನೆಯೂ ಸಲ್ಲುತ್ತದೆ.

ಇದಕ್ಕೆ ಕಾನೂನಿನ ಚೌಕಟ್ಟೂ ಇದೆ. ಹಣ ಪಡೆದು ಮಾಡಿದ ಪ್ರಸಾರವನ್ನು ಹಾಗೆಂದು ಕೇಳುಗರಿಗೆ ತಿಳಿಸುವುದು ಕಡ್ಡಾಯ. ಶಿಫಾರಸು ಮಾಡುವವರು ಆ ವಸ್ತುವನ್ನು ಬಳಸಿರುವುದಾಗಿ ಹೇಳಿದರೆ ಅದು ನಿಜವಾಗಿರಬೇಕು. ತಾವು ಬಳಸಿಯೇ ಇಲ್ಲದ ಮೊಬೈಲ್ ಫೋನನ್ನು ಬಾನುಲಿ ನಿರೂಪಕರು ಸ್ವಂತ ಅನುಭವವೆಂಬಂತೆ ಹೊಗಳಿದ ಪ್ರಕರಣದಲ್ಲಿ 2022ರಲ್ಲಿ ಗೂಗಲ್ ಮತ್ತು ಐಹಾರ್ಟ್‌ಮೀಡಿಯ ಕಂಪನಿಗಳು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹಾಗೂ ಕೆಲವು ರಾಜ್ಯಗಳೊಂದಿಗೆ ಸುಮಾರು 94 ಲಕ್ಷ ಡಾಲರ್‌ಗಳ ರಾಜಿ ಮಾಡಿಕೊಂಡವು. ಆ ಪ್ರಕರಣ ರಾಜಕೀಯ ಕಾರ್ಯಕ್ರಮಗಳಿಗೆ ಸೀಮಿತವಾದದ್ದಲ್ಲವಾದರೂ, ನಿರೂಪಕರ ವಿಶ್ವಾಸಾರ್ಹತೆಯೇ ಮಾರಾಟದ ಸರಕಾಗಿರುವ ಎಲ್ಲ ಪ್ರಕಾರಗಳಿಗೂ ಅದು ಅನ್ವಯಿಸುತ್ತದೆ.

ಕೇಳುಗರೇ ಗ್ರಾಹಕರು

ಟಾಕ್ ರೇಡಿಯೊದ ಕೇಳುಗರಲ್ಲಿ ನಡುವಯಸ್ಸಿನ ಮತ್ತು ಹಿರಿಯ ವಯಸ್ಸಿನ, ಸ್ವಂತ ಮನೆಯುಳ್ಳ ಜನರ ಪಾಲು ಹೆಚ್ಚು. ಆದ್ದರಿಂದ ಮನೆ ದುರಸ್ತಿ, ಹಣಕಾಸು ಸಲಹೆ, ವಿಮೆ, ಆರೋಗ್ಯ ಸೇವೆ, ಚಿನ್ನದ ಮಾರಾಟ, ವಾಹನ ಸೇವೆ ಮುಂತಾದ ಕ್ಷೇತ್ರಗಳ ಜಾಹೀರಾತುಗಳು ಇಲ್ಲಿ ಎದ್ದು ಕಾಣುತ್ತವೆ. ಇಂತಹ ವ್ಯಾಪಾರಿಗಳಲ್ಲಿ ಕೆಲವರು ಸ್ವತಃ ಆ ಕಾರ್ಯಕ್ರಮದ ಕೇಳುಗರಾಗಿರುತ್ತಾರೆ. ಅವರಿಗೆ ಜಾಹೀರಾತು ಎಂಬುದು ವ್ಯಾಪಾರದ ಲೆಕ್ಕಾಚಾರದ ಜೊತೆಗೆ ತಮ್ಮ ಮೆಚ್ಚಿನ ಕಾರ್ಯಕ್ರಮಕ್ಕೆ ನೀಡುವ ಬೆಂಬಲವೂ ಆಗಿರುತ್ತದೆ.

ಮಿತಿಗಳು

ವಯೋಮಾನ

ಜಾಹೀರಾತು ಏಜೆನ್ಸಿಗಳು ಬಹುಮಟ್ಟಿಗೆ 25ರಿಂದ 54 ವರ್ಷದೊಳಗಿನ ಕೇಳುಗರ ಸಂಖ್ಯೆಯನ್ನು ಆಧರಿಸಿ ಸಮಯ ಕೊಳ್ಳುತ್ತವೆ. ಈ ಮಾಪನವನ್ನು ದೀರ್ಘಕಾಲ ಆರ್ಬಿಟ್ರಾನ್ ಸಂಸ್ಥೆ ನಡೆಸುತ್ತಿತ್ತು. 2013ರಲ್ಲಿ ಅದನ್ನು ನೀಲ್ಸನ್ ಕೊಂಡುಕೊಂಡಿತು. 54 ವರ್ಷ ಮೀರಿದ ಕೇಳುಗರು ಎಷ್ಟೇ ನಿಷ್ಠಾವಂತರಾಗಿದ್ದರೂ ಈ ಲೆಕ್ಕದಲ್ಲಿ ಸೇರುವುದಿಲ್ಲ. ಹೀಗಾಗಿ ಒಟ್ಟು ಕೇಳುಗರಲ್ಲಿ ಮೊದಲ ಸ್ಥಾನದಲ್ಲಿರುವ ಟಾಕ್ ಕೇಂದ್ರವೊಂದು ಏಜೆನ್ಸಿಯ ಪಟ್ಟಿಯಲ್ಲಿ ಬಹಳ ಕೆಳಗಿರುವುದು ಸಾಧ್ಯ.

ವಿವಾದ ಭೀತಿ

ದೊಡ್ಡ ಕಂಪನಿಗಳಿಗೆ ಎಲ್ಲ ಪಕ್ಷಗಳ ಬೆಂಬಲಿಗರೂ ಗ್ರಾಹಕರೇ. ಒಂದು ರಾಜಕೀಯ ನಿಲುವಿನೊಂದಿಗೆ ತಮ್ಮ ಹೆಸರು ತಳಕು ಹಾಕಿಕೊಳ್ಳುವುದನ್ನು ಅವು ಬಯಸುವುದಿಲ್ಲ. ಆದ್ದರಿಂದ ಸಮಯ ಕೊಳ್ಳುವ ಆದೇಶದಲ್ಲಿಯೇ ವಿವಾದಾತ್ಮಕ ಕಾರ್ಯಕ್ರಮಗಳ ನಡುವೆ ತಮ್ಮ ಜಾಹೀರಾತು ಬರಕೂಡದೆಂಬ ಷರತ್ತನ್ನು ಸೇರಿಸುವ ರೂಢಿ ಬೆಳೆಯಿತು. ಈ ಎಚ್ಚರಿಕೆ ಬಲಪಂಥೀಯ ಕಾರ್ಯಕ್ರಮಗಳಿಗಷ್ಟೇ ಸೀಮಿತವಾಗಿರಲಿಲ್ಲ. 2004ರ ಮಾರ್ಚ್ 31ರಂದು ಆರಂಭವಾದ ಉದಾರವಾದಿ ಜಾಲ ಏರ್ ಅಮೆರಿಕ ಕೂಡ ಇದನ್ನು ಎದುರಿಸಿತು. ಅದರ ಕಾರ್ಯಕ್ರಮಗಳಲ್ಲಿ ತಮ್ಮ ಜಾಹೀರಾತು ಬೇಡವೆಂದ ಸುಮಾರು 90 ಜಾಹೀರಾತುದಾರರ ಹೆಸರುಗಳಿದ್ದ ಎಬಿಸಿ ರೇಡಿಯೊ ಜಾಲದ ಆಂತರಿಕ ಸೂಚನೆಯೊಂದು 2006ರಲ್ಲಿ ಬಹಿರಂಗವಾಯಿತು. ಅದೇ ವರ್ಷ ದಿವಾಳಿ ರಕ್ಷಣೆ ಕೋರಿದ್ದ ಆ ಜಾಲ 2010ರ ಜನವರಿಯಲ್ಲಿ ಮುಚ್ಚಿತು.

ಪವರ್ ರೇಶಿಯೊ

ಕೇಳುಗರಿಗೂ ಆದಾಯಕ್ಕೂ ನಡುವಿನ ಈ ಅಂತರವನ್ನು ಬಾನುಲಿ ಉದ್ಯಮದಲ್ಲಿ ಪವರ್ ರೇಶಿಯೊ ಎಂಬ ಅನುಪಾತದಿಂದ ಅಳೆಯುತ್ತಾರೆ. ಒಂದು ಊರಿನ ಒಟ್ಟು ಬಾನುಲಿ ಆದಾಯದಲ್ಲಿ ಕೇಂದ್ರದ ಪಾಲನ್ನು ಒಟ್ಟು ಕೇಳುಗರಲ್ಲಿ ಅದರ ಪಾಲಿನಿಂದ ಭಾಗಿಸಿದಾಗ ಇದು ದೊರೆಯುತ್ತದೆ. ಕೇಂದ್ರವೊಂದಕ್ಕೆ ಕೇಳುಗರಲ್ಲಿ ಶೇಕಡಾ 8ರಷ್ಟು ಪಾಲಿದ್ದು, ಆದಾಯದಲ್ಲಿ ಶೇಕಡಾ 6ರಷ್ಟು ಮಾತ್ರ ದೊರೆಯುತ್ತಿದೆ ಎಂದು ಭಾವಿಸಿದರೆ ಅದರ ಅನುಪಾತ 0.75 ಆಗುತ್ತದೆ. ಅಂದರೆ ಅದು ತನ್ನ ಕೇಳುಗರ ಸಂಖ್ಯೆಗೆ ತಕ್ಕ ಹಣವನ್ನು ಗಳಿಸುತ್ತಿಲ್ಲ. ಅನುಪಾತ 1ಕ್ಕಿಂತ ಹೆಚ್ಚಾಗಿದ್ದರೆ ಪರಿಸ್ಥಿತಿ ಇದಕ್ಕೆ ವಿರುದ್ಧ.

ಜಾಹೀರಾತು ಬಹಿಷ್ಕಾರಗಳು

ಡಾನ್ ಐಮಸ್, 2007

2007ರ ಏಪ್ರಿಲ್ 4ರಂದು ನಿರೂಪಕ ಡಾನ್ ಐಮಸ್ ಅವರು ರಟ್ಗರ್ಸ್ ವಿಶ್ವವಿದ್ಯಾಲಯದ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡದ ಬಗ್ಗೆ ಜನಾಂಗೀಯವಾಗಿ ಅವಮಾನಕರವಾದ ಮಾತನ್ನಾಡಿದರು. ಸ್ಟೇಪಲ್ಸ್, ಪ್ರಾಕ್ಟರ್ ಅಂಡ್ ಗ್ಯಾಂಬಲ್, ಜನರಲ್ ಮೋಟರ್ಸ್ ಮುಂತಾದ ಕಂಪನಿಗಳು ಜಾಹೀರಾತು ಹಿಂತೆಗೆದುಕೊಂಡವು. ಎಂಟು ದಿನಗಳೊಳಗೆ ಸಿಬಿಎಸ್ ರೇಡಿಯೊ ಅವರನ್ನು ವಜಾ ಮಾಡಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರು ಡಬ್ಲ್ಯುಎಬಿಸಿ ಮೂಲಕ ಮತ್ತೆ ಪ್ರಸಾರಕ್ಕೆ ಮರಳಿದರು.

ರಶ್ ಲಿಂಬಾ, 2012

ಗರ್ಭನಿರೋಧಕಗಳಿಗೆ ವಿಮಾ ರಕ್ಷಣೆ ಇರಬೇಕೆಂದು ಸಂಸತ್ ಸದಸ್ಯರ ಮುಂದೆ ಮಾತನಾಡಿದ್ದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಕಾನೂನು ವಿದ್ಯಾರ್ಥಿನಿಯೊಬ್ಬರನ್ನು ಲಿಂಬಾ 2012ರ ಫೆಬ್ರುವರಿ 29ರಂದು ಹೀನಾಯವಾಗಿ ನಿಂದಿಸಿದರು. ಮಾರ್ಚ್ 3ರಂದು ಅವರು ಕ್ಷಮೆ ಕೋರಿದರಾದರೂ ಕಾರ್ಬೊನೈಟ್, ಕ್ವಿಕನ್ ಲೋನ್ಸ್, ಸ್ಲೀಪ್ ನಂಬರ್ ಸೇರಿದಂತೆ ಅನೇಕ ಜಾಹೀರಾತುದಾರರು ಹೊರನಡೆದರು. 98 ದೊಡ್ಡ ಜಾಹೀರಾತುದಾರರು ವಿವಾದಾತ್ಮಕ ಕಾರ್ಯಕ್ರಮಗಳಲ್ಲಿ ತಮ್ಮ ಜಾಹೀರಾತು ಬೇಡವೆಂದು ಕೇಳಿಕೊಂಡಿರುವುದಾಗಿ ಪ್ರೀಮಿಯರ್ ಸಂಸ್ಥೆ ಕೇಂದ್ರಗಳಿಗೆ ತಿಳಿಸಿದ ಸೂಚನೆ ಬೆಳಕಿಗೆ ಬಂತು. ಆ ಪಟ್ಟಿಯ ಷರತ್ತು ಲಿಂಬಾ ಒಬ್ಬರಿಗಲ್ಲದೆ ಇತರ ಹಲವು ನಿರೂಪಕರಿಗೂ ಅನ್ವಯಿಸುತ್ತಿತ್ತು. ಒಬ್ಬರ ಮಾತಿನಿಂದ ಎದ್ದ ಕಿಡಿ ಇಡೀ ಪ್ರಕಾರವನ್ನು ತಟ್ಟಿದ್ದು ಹೀಗೆ.

ಹವಾಯಿಯ ಹೀಲೊ ನಗರದ ಕೆಪಿಯುಎ ಮತ್ತು ಮ್ಯಾಸಚೂಸೆಟ್ಸ್‌ನ ಪಿಟ್ಸ್‌ಫೀಲ್ಡ್‌ನ ಡಬ್ಲ್ಯುಬಿಇಸಿ ಕೇಂದ್ರಗಳು ಕಾರ್ಯಕ್ರಮವನ್ನೇ ಕೈಬಿಟ್ಟವು. ಉಳಿದ ಬಹುಪಾಲು ಕೇಂದ್ರಗಳು ಮುಂದುವರಿಸಿದವು. ಲಿಂಬಾ ಅವರ ಕೇಳುಗರು ದೊಡ್ಡ ಸಂಖ್ಯೆಯಲ್ಲಿ ಅವರೊಂದಿಗೇ ಉಳಿದರು ಮತ್ತು 2021ರ ಫೆಬ್ರುವರಿಯಲ್ಲಿ ನಿಧನರಾಗುವವರೆಗೆ ಅವರು ಪ್ರಸಾರದಲ್ಲಿದ್ದರು. ಆದರೆ ಅವರ ಕಾರ್ಯಕ್ರಮವನ್ನು ಹಲವು ನಗರಗಳಲ್ಲಿ ಪ್ರಸಾರ ಮಾಡುತ್ತಿದ್ದ ಕ್ಯುಮುಲಸ್ ಕಂಪನಿಯ ಮುಖ್ಯಸ್ಥ ಲೂ ಡಿಕಿ, ಈ ಬಹಿಷ್ಕಾರದಿಂದ ತಮ್ಮ ಕಂಪನಿಗೆ ದಶಲಕ್ಷಗಟ್ಟಲೆ ಡಾಲರ್ ಆದಾಯ ನಷ್ಟವಾಯಿತೆಂದು ಹೂಡಿಕೆದಾರರಿಗೆ ತಿಳಿಸಿದರು. 2014ರ ಆರಂಭದಲ್ಲಿ ನ್ಯೂಯಾರ್ಕಿನಲ್ಲಿ ಆ ಕಾರ್ಯಕ್ರಮ ಕ್ಯುಮುಲಸ್‌ನ ಡಬ್ಲ್ಯುಎಬಿಸಿಯಿಂದ ಕ್ಲಿಯರ್ ಚಾನೆಲ್‌ನ ಡಬ್ಲ್ಯುಒಆರ್ ಕೇಂದ್ರಕ್ಕೆ ಸ್ಥಳಾಂತರಗೊಂಡಿತು. ಸಮಾನ ಪ್ರಮಾಣದ ಕೇಳುಗರಿದ್ದರೂ ಟಾಕ್ ಕೇಂದ್ರಗಳ ಜಾಹೀರಾತು ಸಮಯ ಸಂಗೀತ ಕೇಂದ್ರಗಳ ಸುಮಾರು ಅರ್ಧ ಬೆಲೆಗೆ ಮಾರಾಟವಾಗುತ್ತಿದೆ ಎಂದು ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ 2015ರಲ್ಲಿ ವರದಿ ಮಾಡಿತು.

ಸ್ಥಳೀಯ ವ್ಯಾಪಾರಿಯ ಸ್ಥಿತಿ

ಬಹಿಷ್ಕಾರದ ಸಂದರ್ಭದಲ್ಲಿ ರಾಷ್ಟ್ರೀಯ ಕಂಪನಿಗೂ ಸ್ಥಳೀಯ ವ್ಯಾಪಾರಿಗೂ ಇರುವ ವ್ಯತ್ಯಾಸ ಗಮನಾರ್ಹ. ಕಂಪನಿಯು ಒಂದು ಕಾರ್ಯಕ್ರಮದಿಂದ ಹೊರಬಂದು ಆ ಹಣವನ್ನು ಬೇರೆಡೆ ಖರ್ಚು ಮಾಡಬಹುದು. ಊರಿನ ಹಾರ್ಡ್‌ವೇರ್ ಅಂಗಡಿಯವನಿಗೆ ಎರಡೂ ಬದಿಯಿಂದ ಒತ್ತಡ ಬರುತ್ತದೆ. ಜಾಹೀರಾತು ಮುಂದುವರಿಸಿದರೆ ಕೆಲವು ಗ್ರಾಹಕರು ಮುನಿಸಿಕೊಳ್ಳುತ್ತಾರೆ. ಹಿಂತೆಗೆದುಕೊಂಡರೆ ಕಾರ್ಯಕ್ರಮದ ಅಭಿಮಾನಿಗಳಾದ ಬೇರೆ ಗ್ರಾಹಕರು ಅಂಗಡಿಗೆ ಬರುವುದನ್ನು ಬಿಡುತ್ತಾರೆ. ಹಲವು ಸಂದರ್ಭಗಳಲ್ಲಿ ವ್ಯಾಪಾರಿಯು ಆ ಕಾರ್ಯಕ್ರಮವನ್ನೇ ಆರಿಸಿಕೊಂಡಿರುವುದಿಲ್ಲ. ಅವನು ಕೊಂಡಿರುವುದು ದಿನದ ಯಾವುದಾದರೂ ಹೊತ್ತಿನಲ್ಲಿ ಪ್ರಸಾರವಾಗುವ ಕಡಿಮೆ ದರದ ಸಮಯವಾಗಿದ್ದು, ಅದು ಎಲ್ಲಿ ಬರಬೇಕೆಂಬುದನ್ನು ಕೇಂದ್ರವೇ ನಿರ್ಧರಿಸಿರುತ್ತದೆ.

ಚುನಾವಣಾ ಕಾಲ

ಚುನಾವಣೆಯ ವರ್ಷಗಳಲ್ಲಿ ಟಾಕ್ ಕೇಂದ್ರಗಳಿಗೆ ರಾಜಕೀಯ ಜಾಹೀರಾತಿನ ರೂಪದಲ್ಲಿ ಹೆಚ್ಚುವರಿ ಆದಾಯ ಬರುತ್ತದೆ. ಮತ ಹಾಕುವ ಸಾಧ್ಯತೆ ಹೆಚ್ಚಿರುವ ಹಿರಿಯ ಕೇಳುಗರು ಇಲ್ಲಿ ಒಟ್ಟಾಗಿ ದೊರೆಯುವುದರಿಂದ, ಏಜೆನ್ಸಿಗಳಿಗೆ ಕೊರತೆಯಾಗಿ ಕಂಡ ವಯೋಮಾನವೇ ಅಭ್ಯರ್ಥಿಗಳಿಗೆ ಗುಣವಾಗಿ ಕಾಣುತ್ತದೆ. ಆದರೂ ರಾಜಕೀಯ ಪ್ರಚಾರದ ಹಣದಲ್ಲಿ ಬಾನುಲಿಗಿಂತ ಟಿವಿಗೆ ಸಲ್ಲುವ ಪಾಲೇ ಬಹಳ ದೊಡ್ಡದು.

ಈ ಮಾರಾಟಕ್ಕೆ ಸಂಪರ್ಕ ಕಾಯಿದೆಯ 315ನೆಯ ವಿಧಿಯ ನಿರ್ಬಂಧಗಳಿವೆ. ಪ್ರಾಥಮಿಕ ಚುನಾವಣೆಗೆ ಮೊದಲಿನ 45 ದಿನ ಮತ್ತು ಸಾರ್ವತ್ರಿಕ ಚುನಾವಣೆಗೆ ಮೊದಲಿನ 60 ದಿನಗಳಲ್ಲಿ ಅಭ್ಯರ್ಥಿಗಳಿಗೆ ಅದೇ ಬಗೆಯ ಸಮಯಕ್ಕೆ ಇತರ ಯಾವುದೇ ಜಾಹೀರಾತುದಾರನಿಗೆ ನೀಡುವ ಕನಿಷ್ಠ ದರವನ್ನೇ ವಿಧಿಸಬೇಕು. ಒಬ್ಬ ಅಭ್ಯರ್ಥಿಗೆ ಸಮಯ ಮಾರಿದರೆ ಎದುರಾಳಿಗೂ ಸಮಾನ ಅವಕಾಶ ಕೊಡಬೇಕು. ಅಭ್ಯರ್ಥಿಯ ಜಾಹೀರಾತಿನ ಒಳವಸ್ತುವನ್ನು ಕೇಂದ್ರ ತಿದ್ದುವಂತಿಲ್ಲ. ವಿಷಯಾಧಾರಿತ ಪ್ರಚಾರ ನಡೆಸುವ ಸ್ವತಂತ್ರ ಗುಂಪುಗಳಿಗೆ ಈ ಕನಿಷ್ಠ ದರದ ಹಕ್ಕಿಲ್ಲ. ಕೇಂದ್ರ ಅವರಿಂದ ಮಾರುಕಟ್ಟೆಯ ದರ ಪಡೆಯಬಹುದು ಅಥವಾ ಅವರ ಜಾಹೀರಾತನ್ನು ನಿರಾಕರಿಸಬಹುದು.

ಸ್ಥಳೀಯ ವ್ಯಾಪಾರಿಗಳ ಮೇಲೆ ಇದರ ಪರಿಣಾಮ ಎರಡು ಬಗೆಯದು. ಸಮಯದ ಬೇಡಿಕೆ ಏರಿದಂತೆ ಕಡಿಮೆ ದರಕ್ಕೆ ಕೊಂಡ ಜಾಹೀರಾತುಗಳು ಹೊರದೂಡಲ್ಪಡುತ್ತವೆ ಅಥವಾ ಅನುಕೂಲವಲ್ಲದ ಹೊತ್ತಿಗೆ ಸರಿಯುತ್ತವೆ. ಕನಿಷ್ಠ ದರದ ನಿಯಮದಿಂದಾಗಿ, ಆ ಅವಧಿಯಲ್ಲಿ ಹಳೆಯ ಗ್ರಾಹಕನಿಗೆ ವಿಶೇಷ ರಿಯಾಯಿತಿ ನೀಡಲು ಕೇಂದ್ರ ಹಿಂಜರಿಯುತ್ತದೆ. ಏಕೆಂದರೆ ಆ ರಿಯಾಯಿತಿಯೇ ಅದೇ ಬಗೆಯ ಸಮಯ ಕೊಳ್ಳುವ ಎಲ್ಲ ಅಭ್ಯರ್ಥಿಗಳಿಗೂ ಸಲ್ಲಬೇಕಾದ ದರವಾಗಿ ಪರಿಣಮಿಸಬಹುದು. ಚುನಾವಣೆ ಮುಗಿದ ಮರುದಿನ ರಾಜಕೀಯ ಜಾಹೀರಾತು ಮಾಯವಾಗುತ್ತದೆ. ವರ್ಷವಿಡೀ ಕೇಂದ್ರವನ್ನು ನಡೆಸಬೇಕಾದವರು ಮಾತ್ರ ಅದೇ ಸ್ಥಳೀಯ ವ್ಯಾಪಾರಿಗಳು.

ಕೇಂದ್ರಗಳ ಪ್ರತಿಕ್ರಮಗಳು

ಆದಾಯದ ಒತ್ತಡಕ್ಕೆ ಕೇಂದ್ರಗಳು ಬೇರೆ ಬೇರೆ ರೀತಿಯಲ್ಲಿ ಸ್ಪಂದಿಸಿವೆ. ಕೆಲವು ಕೇಂದ್ರಗಳು ರಾಷ್ಟ್ರೀಯ ಕಾರ್ಯಕ್ರಮದ ಬದಲು ಸ್ಥಳೀಯ ನಿರೂಪಕರನ್ನು ತಂದವು. ಇಂಡಿಯಾನಪೊಲಿಸ್‌ನ ಡಬ್ಲ್ಯುಐಬಿಸಿ ಕೇಂದ್ರ ಎರಡು ದಶಕಗಳಿಗೂ ಹೆಚ್ಚು ಕಾಲ ಪ್ರಸಾರ ಮಾಡಿದ ಲಿಂಬಾ ಅವರ ಕಾರ್ಯಕ್ರಮವನ್ನು 2015ರಲ್ಲಿ ಕೈಬಿಟ್ಟಿತು. ಸ್ಥಳೀಯ ನಿರೂಪಕನಿಗೆ ಸಂಬಳ ಕೊಡಬೇಕಾದರೂ ಗಂಟೆಯ ಎಲ್ಲ ಜಾಹೀರಾತು ನಿಮಿಷಗಳು ಕೇಂದ್ರದ ಕೈಯಲ್ಲಿಯೇ ಉಳಿಯುತ್ತವೆ. ನಿರೂಪಕ ಅಂಗಡಿಯ ಉದ್ಘಾಟನೆಗೂ ಬರಬಲ್ಲ.

ಇನ್ನು ಕೆಲವು ಕೇಂದ್ರಗಳು ಜಾಹೀರಾತುಗಳನ್ನು ವಿವಾದಾತ್ಮಕ ಕಾರ್ಯಕ್ರಮಗಳಿಂದ ದೂರವಿರಿಸಿ, ಬೆಳಗಿನ ಸುದ್ದಿ ಮತ್ತು ಸಂಚಾರ ವರದಿಯ ಹೊತ್ತಿಗೆ ಜೋಡಿಸುವ ಪ್ರತ್ಯೇಕ ದರಪಟ್ಟಿಗಳನ್ನು ರೂಪಿಸಿದವು. ವಾರಾಂತ್ಯದ ಗಂಟೆಗಳನ್ನು ಇಡಿಯಾಗಿ ಹಣಕಾಸು ಸಲಹೆಗಾರರಿಗೋ ವೈದ್ಯರಿಗೋ ಮಾರುವುದು ಮತ್ತೊಂದು ಮಾರ್ಗ. ಕ್ರೀಡಾ ಮಾತಿನ ಪ್ರಕಾರಕ್ಕೆ ಬದಲಾಗುವುದು, ಎಫ್ಎಂ ತರಂಗಕ್ಕೆ ಸ್ಥಳಾಂತರಗೊಂಡು ಕಿರಿಯ ಕೇಳುಗರನ್ನು ಅರಸುವುದು, ಕಾರ್ಯಕ್ರಮಗಳನ್ನು ಪಾಡ್‌ಕಾಸ್ಟ್ ರೂಪದಲ್ಲಿ ನೀಡಿ ಅಲ್ಲಿಯೂ ಜಾಹೀರಾತು ಮಾರುವುದು ಸಹ ಕಂಡುಬಂದಿವೆ.

ಇತರ ಕಾರಣಗಳು

ಟಾಕ್ ಕೇಂದ್ರಗಳ ಆದಾಯದ ಕುಸಿತವನ್ನೆಲ್ಲ ರಾಜಕೀಯಕ್ಕೆ ಅಥವಾ ಬಹಿಷ್ಕಾರಗಳಿಗೆ ಆರೋಪಿಸುವುದು ಸರಿಯಾಗದು. 2008ರ ಆರ್ಥಿಕ ಹಿಂಜರಿತದಲ್ಲಿ ಎಲ್ಲ ಬಗೆಯ ಬಾನುಲಿ ಕೇಂದ್ರಗಳ ಜಾಹೀರಾತೂ ಇಳಿಯಿತು. ಸ್ಥಳೀಯ ವ್ಯಾಪಾರಿಗಳ ಜಾಹೀರಾತು ಹಣದ ದೊಡ್ಡ ಭಾಗ ಗೂಗಲ್, ಫೇಸ್‌ಬುಕ್ ಮುಂತಾದ ಅಂತರಜಾಲ ವೇದಿಕೆಗಳತ್ತ ಹರಿಯಿತು. ಎಎಂ ತರಂಗಗಳ ಕೇಳುಗರೂ ಕಡಿಮೆಯಾಗುತ್ತ ಬಂದರು. 2023ರಲ್ಲಿ ಫೋರ್ಡ್ ಕಂಪನಿ ತನ್ನ ಹೊಸ ಕಾರುಗಳಿಂದ ಎಎಂ ರೇಡಿಯೊವನ್ನು ತೆಗೆಯುವುದಾಗಿ ಪ್ರಕಟಿಸಿ, ವಿರೋಧ ಬಂದ ಬಳಿಕ ಆ ನಿರ್ಧಾರವನ್ನು ಹಿಂಪಡೆಯಿತು.

ಮಾಲೀಕ ಕಂಪನಿಗಳ ಸಾಲದ ಹೊರೆಯೂ ಮುಖ್ಯ ಕಾರಣ. ಕ್ಯುಮುಲಸ್ 2017ರ ನವೆಂಬರ್‌ನಲ್ಲಿ ದಿವಾಳಿ ರಕ್ಷಣೆ ಕೋರಿತು. ಕ್ಲಿಯರ್ ಚಾನೆಲ್‌ನ ಹೊಸ ಹೆಸರಾದ ಐಹಾರ್ಟ್‌ಮೀಡಿಯ 20 ಶತಕೋಟಿ ಡಾಲರ್‌ಗಳಷ್ಟು ಸಾಲದೊಂದಿಗೆ 2018ರ ಮಾರ್ಚ್‌ನಲ್ಲಿ ಅದೇ ಹಾದಿ ಹಿಡಿಯಿತು. ಈ ಕಂಪನಿಗಳು ಸಂಗೀತ ಕೇಂದ್ರಗಳನ್ನೂ ಬಹುಸಂಖ್ಯೆಯಲ್ಲಿ ಹೊಂದಿದ್ದವು. ಸಾಲದ ಬಹುಭಾಗ ಕೇಂದ್ರಗಳ ಖರೀದಿ ಮತ್ತು ಕಂಪನಿಯ ಹಸ್ತಾಂತರಗಳಿಂದ ಬಂದದ್ದಾಗಿತ್ತು.

ಸ್ಥಳೀಯ ಸುದ್ದಿಯ ಮೇಲೆ ಪರಿಣಾಮ

ಜಾಹೀರಾತು ಮಾರಾಟದ ಪ್ರಶ್ನೆ ವ್ಯಾಪಾರಕ್ಕಷ್ಟೇ ಸಂಬಂಧಿಸಿದ್ದಲ್ಲ. ಅಮೆರಿಕದ ಅನೇಕ ಊರುಗಳಲ್ಲಿ ಸುದ್ದಿ ಮತ್ತು ಮಾತಿನ ಎಎಂ ಕೇಂದ್ರವೇ ಬಿರುಗಾಳಿ, ಪ್ರವಾಹ, ಶಾಲೆಗಳ ರಜೆ, ನಗರಸಭೆಯ ತೀರ್ಮಾನಗಳ ಸುದ್ದಿ ನೀಡುವ ಬಾನುಲಿ ಮೂಲ. ರಾಷ್ಟ್ರೀಯ ಕಾರ್ಯಕ್ರಮದ ಸುತ್ತ ಮಾರಿದ ಸ್ಥಳೀಯ ಜಾಹೀರಾತಿನ ಹಣ ಕೆಲವೆಡೆ ಬೆಳಗಿನ ಸುದ್ದಿ ವಿಭಾಗದ ಸಂಬಳವನ್ನು ಭರಿಸುತ್ತದೆ. ಆ ಹಣ ಕಡಿಮೆಯಾದಾಗ ಮೊದಲು ಕಡಿತಗೊಳ್ಳುವುದು ಸಾಮಾನ್ಯವಾಗಿ ಅಗ್ಗದ ರಾಷ್ಟ್ರೀಯ ಕಾರ್ಯಕ್ರಮವಲ್ಲ, ದುಬಾರಿಯಾದ ಸ್ಥಳೀಯ ವರದಿಗಾರಿಕೆ.

ಕೇಂದ್ರಗಳಲ್ಲಿ ಸ್ಥಳೀಯ ಸಿಬ್ಬಂದಿ ವಿರಳವಾಗುವುದರ ಅಪಾಯದ ಚರ್ಚೆಯಲ್ಲಿ ನಾರ್ತ್ ಡಕೋಟ ರಾಜ್ಯದ ಮೈನಾಟ್ ನಗರದ ದುರಂತವನ್ನು ಮತ್ತೆ ಮತ್ತೆ ಉಲ್ಲೇಖಿಸಲಾಗುತ್ತದೆ. 2002ರ ಜನವರಿ 18ರ ನಸುಕಿನಲ್ಲಿ ಅಲ್ಲಿ ಗೂಡ್ಸ್ ರೈಲು ಹಳಿ ತಪ್ಪಿ ಅಮೋನಿಯ ಅನಿಲ ಸೋರಿ ಒಬ್ಬರು ಮೃತಪಟ್ಟರು, ನೂರಾರು ಜನ ಅಸ್ವಸ್ಥರಾದರು. ಆಗ ಆ ಊರಿನ ಆರೂ ವಾಣಿಜ್ಯ ಬಾನುಲಿ ಕೇಂದ್ರಗಳು ಕ್ಲಿಯರ್ ಚಾನೆಲ್ ಒಡೆತನದಲ್ಲಿದ್ದವು. ಎಚ್ಚರಿಕೆ ಸಕಾಲಕ್ಕೆ ಪ್ರಸಾರವಾಗಲಿಲ್ಲ. ಕೇಂದ್ರದಲ್ಲಿ ಸಿಬ್ಬಂದಿಯ ಕೊರತೆ ಇದಕ್ಕೆ ಕಾರಣವೆಂದು ಟೀಕಾಕಾರರೂ, ಅಧಿಕಾರಿಗಳು ತುರ್ತು ಎಚ್ಚರಿಕೆ ಉಪಕರಣವನ್ನು ಸರಿಯಾಗಿ ಬಳಸಲಿಲ್ಲವೆಂದು ಕಂಪನಿಯೂ ವಾದಿಸಿದವು. ಘಟನೆ ರಾಜಕೀಯ ಮಾತಿಗೆ ಸಂಬಂಧಿಸಿದ್ದಲ್ಲವಾದರೂ, ಊರಿನ ಬಾನುಲಿಯನ್ನು ಯಾರು, ಯಾವ ಹಣದಿಂದ ನಡೆಸುತ್ತಾರೆ ಎಂಬ ಪ್ರಶ್ನೆಯ ಮಹತ್ವವನ್ನು ಅದು ತೋರಿಸುತ್ತದೆ.

ಭಾರತದೊಂದಿಗೆ ಹೋಲಿಕೆ

ಭಾರತದಲ್ಲಿ ಅಮೆರಿಕ ಮಾದರಿಯ ರಾಜಕೀಯ ಟಾಕ್ ರೇಡಿಯೊ ಬೆಳೆದಿಲ್ಲ. ಆಕಾಶವಾಣಿಯ ವಿವಿಧ ಭಾರತಿಯಲ್ಲಿ 1967ರಲ್ಲಿ ವಾಣಿಜ್ಯ ಜಾಹೀರಾತುಗಳು ಆರಂಭವಾದವು. ದೇಶದ ಮೊದಲ ಖಾಸಗಿ ಎಫ್ಎಂ ಕೇಂದ್ರವಾದ ರೇಡಿಯೊ ಸಿಟಿ 2001ರಲ್ಲಿ ಬೆಂಗಳೂರಿನಲ್ಲಿ ಪ್ರಸಾರ ಆರಂಭಿಸಿತು. ಖಾಸಗಿ ಎಫ್ಎಂ ಕೇಂದ್ರಗಳಿಗೆ ಸ್ವಂತ ಸುದ್ದಿ ಮತ್ತು ರಾಜಕೀಯ ವಿದ್ಯಮಾನಗಳ ಕಾರ್ಯಕ್ರಮಗಳನ್ನು ಪ್ರಸಾರ ಮಾಡಲು ಅನುಮತಿ ದೊರೆಯಲಿಲ್ಲ. ಆಕಾಶವಾಣಿಯ ಸುದ್ದಿಯನ್ನು ಬದಲಾವಣೆಯಿಲ್ಲದೆ ಮರುಪ್ರಸಾರ ಮಾಡಲು ಮಾತ್ರ ನಂತರ ಅವಕಾಶ ನೀಡಲಾಯಿತು. ಆದ್ದರಿಂದ ಕರ್ನಾಟಕದ ಖಾಸಗಿ ಎಫ್ಎಂ ಕೇಂದ್ರಗಳ ಸ್ಥಳೀಯ ಜಾಹೀರಾತು ಮುಖ್ಯವಾಗಿ ಚಲನಚಿತ್ರ ಸಂಗೀತ ಮತ್ತು ಹರಟೆಯ ಕಾರ್ಯಕ್ರಮಗಳನ್ನು ಅವಲಂಬಿಸಿದೆ. ಇಂತಹ ಕೇಂದ್ರಗಳಿಗೆ ರಾಜಕೀಯ ಮಾತಿನ ವಿವಾದದಿಂದ ಜಾಹೀರಾತು ಕಳೆದುಕೊಳ್ಳುವ ಭಯ ಕಡಿಮೆ; ಆದರೆ ಊರಿನ ಆಗುಹೋಗುಗಳನ್ನು ಚರ್ಚಿಸಿ ಕೇಳುಗರನ್ನು ಗಳಿಸುವ ಅವಕಾಶವೂ ಅವುಗಳಿಗಿಲ್ಲ.

ಇವನ್ನೂ ನೋಡಿ

ಆಕಾಶವಾಣಿ
ಎಫ್ಎಂ ಪ್ರಸಾರ
ಜಾಹೀರಾತು
ಸಮುದಾಯ ಬಾನುಲಿ
ಸಮೂಹ ಮಾಧ್ಯಮ